ದಲ್ಲಾಳಿ ಇಲ್ಲ ಸರಿ, ದೂರು ಕೇಳುವವರು ಯಾರು?

ನಮ್ಮ ಕನ್ನಡ ಶಾಲೆಗಳ ಬೆಂಚಿನ ಮೇಲೆ ಕುಳಿತು ಮಗ್ಗಿ ಬಾಯಿಪಾಠ ಮಾಡಿದ ಹುಡುಗರು ಈಗ ಕಂಪ್ಯೂಟರ್ ಇಂಜಿನಿಯರುಗಳಾಗಿದ್ದಾರೆ. ಸಂತೋಷ. ಅವರಲ್ಲಿ ಕೆಲವರು, "ಕ್ರಿಪ್ಟೋ ನಾಣ್ಯ ಕೊಂಡು ಮಾರಲು ದಲ್ಲಾಳಿಯೇ ಇಲ್ಲದ ಸಂತೆ ಕಟ್ಟಬಹುದು ಸರ್. ಅಲ್ಲಿ ಯಾರೂ ಯಾರನ್ನೂ ನಂಬಬೇಕಾಗಿಲ್ಲ, ಎಲ್ಲವನ್ನೂ ಕೋಡೇ ನೋಡಿಕೊಳ್ಳುತ್ತದೆ" ಎನ್ನುತ್ತಾರೆ. ಅದೂ ಸಂತೋಷವೇ. ಆದರೆ ಮೇಷ್ಟ್ರುಗಳಾದ ನಾವು ಒಂದು ಪ್ರಶ್ನೆ ಕೇಳದೆ ಬಿಡುವಂತಿಲ್ಲ. ಆ ಸಂತೆಯಲ್ಲಿ ಒಬ್ಬನಿಗೆ ಮೋಸವಾದರೆ ಅವನು ಯಾರ ಬಾಗಿಲು ತಟ್ಟಬೇಕು?

ಈ ಪ್ರಶ್ನೆಗೆ ಉತ್ತರವಿಲ್ಲದ ಸಂತೆ, ಅದರ ಕೋಡ್ ಎಷ್ಟೇ ಅಚ್ಚುಕಟ್ಟಾಗಿರಲಿ, ಬಾಗಿಲು ಇಡದೆ ಕಟ್ಟಿದ ಮನೆ. ಇಷ್ಟೇ ನಮ್ಮ ವಾದ. ಉಳಿದದ್ದೆಲ್ಲ ಇದರ ವಿವರಣೆ.

ಈ ಸಂತೆಗೆ ಪುಸ್ತಕದ ಕನ್ನಡದಲ್ಲಿ "ವಿಕೇಂದ್ರೀಕೃತ ವಿನಿಮಯ ಕೇಂದ್ರ" ಎನ್ನುತ್ತಾರೆ. ಹೆಸರು ನೋಡಿ! ಕೇಂದ್ರವಿಲ್ಲ ಎನ್ನುತ್ತಲೇ ಕೊನೆಗೊಂದು ಕೇಂದ್ರ ಬಂದು ಕುಳಿತಿದೆ. ನಮ್ಮ ತಕರಾರು ಕೂಡ ಅಲ್ಲಿಂದಲೇ ಶುರು. ಹುಡುಗರು ಇದನ್ನು ಡೆಕ್ಸ್ ಎನ್ನುತ್ತಾರೆ, ನಾವೂ ಹಾಗೇ ಕರೆಯೋಣ.

ಕೊಂಬೈಯಿಂದ ನೋಡಿದರೆ

ಕೊಂಬೈ ಎಂದರೆ ಹೊರಗಿನವರಿಗೆ ನೆನಪಾಗುವುದು ಕಾವಲಿಗೆ ಹೆಸರಾದ ಕೊಂಬೈ ನಾಯಿ. ಊರು ಇರುವುದು ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ, ಕಂಬಂ ಕಣಿವೆಯ ಅಂಚಿಗೆ, ಪಶ್ಚಿಮ ಘಟ್ಟದ ಬುಡದಲ್ಲಿ. ಕಾಸರಗೋಡು, ತಾಳವಾಡಿ, ಹೊಸೂರು ಕಡೆಯ ಓದುಗರಿಗೆ ಈ ಭಾಗದ ಪರಿಚಯ ಕಡಿಮೆ ಇರಬಹುದು. ಇಲ್ಲಿ ತಲೆತಲಾಂತರದಿಂದ ಮನೆಯಲ್ಲಿ ಕನ್ನಡ ಆಡುವ ಕಾಪಿಲಿಯ ಕುಟುಂಬಗಳಿವೆ. ಬಾಯಲ್ಲಿ ಕನ್ನಡ, ಕಾಗದದಲ್ಲಿ ತಮಿಳು. ಕನ್ನಡ ಅಕ್ಷರ ಬಲ್ಲವರು ಅಪರೂಪ.

ಕೆಳಗೆ ದ್ರಾಕ್ಷಿ, ಬಾಳೆ, ತೆಂಗು. ಮೇಲೆ ಘಟ್ಟ ಹತ್ತಿದರೆ ಕೇರಳದ ಇಡುಕ್ಕಿಯ ಏಲಕ್ಕಿ ತೋಟಗಳು. ಬೆಳಗಾಗುವ ಮುಂಚೆಯೇ ಜೀಪುಗಳಲ್ಲಿ ಆಳುಗಳು ಈ ಕಣಿವೆಯಿಂದ ತೋಟಗಳಿಗೆ ಹೋಗುತ್ತಾರೆ. ಆ ಏಲಕ್ಕಿ ಮಾರಾಟವಾಗುವ ದೊಡ್ಡ ಜಾಗಗಳು ಎರಡು. ಒಂದು ಇಡುಕ್ಕಿಯ ಪುಟ್ಟಡಿ, ಇನ್ನೊಂದು ನಮ್ಮ ತೇನಿ ಜಿಲ್ಲೆಯ ಬೋಡಿನಾಯಕನೂರು.

ಕ್ರಿಪ್ಟೋ ವಿಷಯಕ್ಕೆ ಏಲಕ್ಕಿ ಯಾಕೆ ಎಂದು ಕೇಳಬಹುದು. ಸಂತೆ ಎಂದರೇನು ಎಂದು ತಿಳಿಯದೆ ಸಂತೆ ಕಟ್ಟಲಾಗುವುದಿಲ್ಲ. ಈ ಕಣಿವೆಯ ಜನಕ್ಕೆ ಗೊತ್ತಿರುವ ಸಂತೆ ಬೋಡಿಯ ಹರಾಜು. ಅದರ ಪಕ್ಕಕ್ಕೆ ಡೆಕ್ಸನ್ನು ಇಟ್ಟು ನೋಡಿದರೆ ಎರಡರ ಗುಣವೂ ದೋಷವೂ ಕಾಣುತ್ತವೆ.

ಬೋಡಿಯಲ್ಲಿ ಬೆಳೆಗಾರ ತನ್ನ ಮಾಲನ್ನು ಪರವಾನಗಿ ಪಡೆದ ಹರಾಜುದಾರನ ಬಳಿ ಇಡುತ್ತಾನೆ. ಮಾಲು ಲಾಟುಗಳಾಗಿ ವಿಂಗಡವಾಗುತ್ತದೆ. ವ್ಯಾಪಾರಿಗಳು ಮಾದರಿ ಕಾಳು ಕೈಗೆ ತೆಗೆದುಕೊಂಡು ಗಾತ್ರ, ಬಣ್ಣ, ಒಣಗಿದ ಹದ ನೋಡಿ ಬೆಲೆ ಕೂಗುತ್ತಾರೆ. 2007ರಲ್ಲಿ ಇ-ಹರಾಜು ಬಂದಮೇಲೆ ಬಾಯಲ್ಲಿ ಕೂಗುವ ಬದಲು ಕಂಪ್ಯೂಟರಿನ ಮುಂದೆ ಕುಳಿತು ಗುಂಡಿ ಒತ್ತುತ್ತಾರೆ. ಇದರ ಮೇಲೆ ಸಂಬಾರ ಮಂಡಳಿ ಇದೆ, 1987ರ ಏಲಕ್ಕಿ ಪರವಾನಗಿ ಮತ್ತು ಮಾರಾಟ ನಿಯಮಗಳಿವೆ. ದುಡ್ಡು ತಡವಾದರೆ, ತೂಕ ತಪ್ಪಾದರೆ ಹೋಗಿ ನಿಲ್ಲಲು ಒಂದು ಕಚೇರಿ ಇದೆ. ಕಚೇರಿಯವರು ಕೆಲಸ ಮಾಡುತ್ತಾರೋ ಇಲ್ಲವೋ, ಅದು ಬೇರೆ ಮಾತು. ನಿಲ್ಲಲು ಜಾಗ ಇದೆ.

ಡೆಕ್ಸ್ ಬೇಕೆನ್ನುವವರ ಮಾತಿನಲ್ಲಿ ನಿಜವಿದೆ

ಎದುರು ಪಕ್ಷದವರ ಮಾತನ್ನು ಮೊದಲು ಕೇಳೋಣ. ಅವರ ಸಿಟ್ಟಿಗೆ ಕಾರಣವಿದೆ.

ಡೆಕ್ಸ್ ಅಲ್ಲದ ಸಾಮಾನ್ಯ ಕ್ರಿಪ್ಟೋ ವಿನಿಮಯ ಕಂಪನಿಯಲ್ಲಿ ನಿಮ್ಮ ನಾಣ್ಯದ ಕೀಲಿ ಕಂಪನಿಯ ಕೈಯಲ್ಲಿರುತ್ತದೆ. ನಿಮಗೆ ಕಾಣುವುದು ಪರದೆಯ ಮೇಲಿನ ಅಂಕಿ ಮಾತ್ರ. ಟೋಕಿಯೋದ ಮೌಂಟ್ ಗಾಕ್ಸ್ 2014ರಲ್ಲಿ ಮುಳುಗಿದಾಗ ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿದ್ದವು. ಆಮೇಲೆ 2 ಲಕ್ಷದಷ್ಟು ಸಿಕ್ಕವು. 2022ರ ನವೆಂಬರಿನಲ್ಲಿ ಎಫ್‌ಟಿಎಕ್ಸ್ ಬಿತ್ತು. ಅದರ ಒಡೆಯ ಗಿರಾಕಿಗಳ ಹಣವನ್ನೇ ಬಳಸಿಕೊಂಡಿದ್ದ. 2024ರಲ್ಲಿ ಅವನಿಗೆ 25 ವರ್ಷ ಜೈಲು ಶಿಕ್ಷೆಯಾಯಿತು. ನಮ್ಮ ದೇಶದ ವಜೀರ್‌ಎಕ್ಸ್‌ನಿಂದ 2024ರ ಜುಲೈ 18ರಂದು ಸುಮಾರು 23 ಕೋಟಿ ಡಾಲರ್, ಅಂದರೆ ಹತ್ತಿರ ಹತ್ತಿರ 2 ಸಾವಿರ ಕೋಟಿ ರೂಪಾಯಿ ಬೆಲೆಯ ನಾಣ್ಯ ಕಳುವಾಯಿತು. ಅಲ್ಲಿ ವ್ಯಾಪಾರ ಮತ್ತೆ ಶುರುವಾದದ್ದು 2025ರ ಅಕ್ಟೋಬರಿನಲ್ಲಿ. ಅಷ್ಟು ದಿನ ಜನರ ನಾಣ್ಯ ಒಳಗೇ ಸಿಕ್ಕಿಕೊಂಡಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಕತೆ ಕೆಲವು, ಬೇಲಿ ಮುರಿದು ಕಳ್ಳ ನುಗ್ಗಿದ ಕತೆ ಕೆಲವು.

ಸರ್ಕಾರದ ಕಡೆಯಿಂದಲೂ ಪೆಟ್ಟು ಬಿದ್ದಿದೆ. ಕರ್ನಾಟಕದವರೇ ತುಮಕೂರಿನಲ್ಲಿ 2013ರಲ್ಲಿ ಶುರು ಮಾಡಿದ ಯುನೋಕಾಯಿನ್ ಕಂಪನಿಯನ್ನು ನೋಡಿ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿ ಇಂಥ ಕಂಪನಿಗಳಿಗೆ ಬ್ಯಾಂಕಿನ ಸೇವೆ ಕೊಡಬಾರದೆಂದಿತು. ಆ ಅಕ್ಟೋಬರಿನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಕಂಪನಿ ಇಟ್ಟ ಕ್ರಿಪ್ಟೋ ಯಂತ್ರವನ್ನು ಪೊಲೀಸರು ವಶಪಡಿಸಿಕೊಂಡು ಸ್ಥಾಪಕರಿಬ್ಬರನ್ನು ಬಂಧಿಸಿದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಆ ಸುತ್ತೋಲೆಯನ್ನೇ ರದ್ದು ಮಾಡಿತು. ಇಷ್ಟೆಲ್ಲ ನೋಡಿದ ಹುಡುಗ, "ಕಂಪನಿಯೂ ಬೇಡ, ಬ್ಯಾಂಕೂ ಬೇಡ, ನನ್ನ ಕೀಲಿ ನನ್ನ ಕೈಯಲ್ಲೇ ಇರಲಿ" ಎಂದರೆ ತಪ್ಪೇನು? ತಪ್ಪಿಲ್ಲ. ರೋಗ ಇರುವುದು ನಿಜ. ನಮ್ಮ ಜಗಳ ಇರುವುದು ಔಷಧಿಯ ಜೊತೆ.

ಎಂಟನೇ ತರಗತಿಯ ಲೆಕ್ಕ

ಡೆಕ್ಸ್ ಹೇಗೆ ನಡೆಯುತ್ತದೆ? ಎಂಟನೇ ತರಗತಿಯ ವಿಲೋಮ ಅನುಪಾತ ಗೊತ್ತಿದ್ದರೆ ಸಾಕು, ಹೆದರಬೇಡಿ.

ಹೇಡನ್ ಆಡಮ್ಸ್ ಎಂಬ, ಕೆಲಸ ಕಳೆದುಕೊಂಡಿದ್ದ ಮೆಕ್ಯಾನಿಕಲ್ ಇಂಜಿನಿಯರ್ 2018ರ ನವೆಂಬರಿನಲ್ಲಿ ಯುನಿಸ್ವಾಪ್ ಎಂಬ ಡೆಕ್ಸನ್ನು ಇಥೀರಿಯಂ ಜಾಲದ ಮೇಲೆ ಬಿಟ್ಟ. ಅದರಲ್ಲಿ ಕೊಳ್ಳುವವನು ಮಾರುವವನಿಗಾಗಿ ಕಾಯಬೇಕಿಲ್ಲ. ನಡುವೆ ಒಂದು ಕೊಳ ಇರುತ್ತದೆ. ಅದರಲ್ಲಿ ಎರಡು ಬಗೆಯ ನಾಣ್ಯ ತುಂಬಿರುತ್ತದೆ. ನೀವು ಒಂದನ್ನು ಹಾಕಿ ಇನ್ನೊಂದನ್ನು ತೆಗೆದುಕೊಂಡು ಹೋಗುತ್ತೀರಿ. ನಿಯಮ ಒಂದೇ: ಎರಡರ ಪ್ರಮಾಣವನ್ನು ಗುಣಿಸಿದರೆ ಬರುವ ಗುಣಲಬ್ಧ ಬದಲಾಗಬಾರದು.

ನಾಣ್ಯದ ಬದಲು ಏಲಕ್ಕಿ ಇಟ್ಟು ನೋಡೋಣ. ಕೊಳದಲ್ಲಿ 100 ಕಿಲೋ ಏಲಕ್ಕಿ, 2,00,000 ರೂಪಾಯಿ ಇದೆ ಎನ್ನಿ. ಕಿಲೋಗೆ 2,000 ರೂಪಾಯಿ. ಗುಣಲಬ್ಧ 2 ಕೋಟಿ. ನೀವು 10 ಕಿಲೋ ತೆಗೆದರೆ ಉಳಿಯುವುದು 90. ಗುಣಲಬ್ಧ 2 ಕೋಟಿಯೇ ಆಗಬೇಕಾದರೆ ಕೊಳದಲ್ಲಿ 2,22,222 ರೂಪಾಯಿ ಇರಬೇಕು. ಅಂದರೆ ನೀವು ಕೊಡಬೇಕಾದ್ದು 22,222. ಕಿಲೋಗೆ 2,222 ಬಿತ್ತು. ಅದೇ 50 ಕಿಲೋ ಬೇಕೆಂದರೆ? 2,00,000 ರೂಪಾಯಿ ಸುರಿಯಬೇಕು. ಕಿಲೋಗೆ 4,000! ಕೊಳ ಚಿಕ್ಕದು, ಕೊಳ್ಳುವುದು ದೊಡ್ಡದು ಎಂದಾದರೆ ಬೆಲೆ ಹೀಗೆ ಎದ್ದು ನಿಲ್ಲುತ್ತದೆ. ಯುನಿಸ್ವಾಪಿನ ಮೊದಲ ರೂಪಗಳಲ್ಲಿ ಇದರ ಮೇಲೆ ಶೇ. 0.3 ಶುಲ್ಕ ಇತ್ತು, ಅದು ಕೊಳ ತುಂಬಿದವರಿಗೆ ಸೇರುತ್ತಿತ್ತು. ನಮ್ಮ ಲೆಕ್ಕ ಸುಲಭವಾಗಲಿ ಎಂದು ಶುಲ್ಕ ಬಿಟ್ಟಿದ್ದೇವೆ.

ಲೆಕ್ಕ ಚೆಂದವಾಗಿದೆ, ಒಪ್ಪುತ್ತೇವೆ. ಹತ್ತು ಸಾಲಿನಲ್ಲಿ ಒಂದು ಸಂತೆ! ಆದರೆ ಗಮನಿಸಿ, ಈ ಕೊಳ ಏಲಕ್ಕಿಯನ್ನು ಕೈಯಲ್ಲಿ ಹಿಡಿದು ನೋಡುವುದಿಲ್ಲ. ಅದಕ್ಕೆ ಗೊತ್ತಿರುವುದು ಪ್ರಮಾಣ ಮಾತ್ರ. ಒಳಗಿರುವುದು ಎಂಟು ಮಿಲಿಮೀಟರ್ ಹಸಿರು ಕಾಳೋ, ಬರೀ ಸಿಪ್ಪೆಯೋ, ಅದಕ್ಕೆ ಒಂದೇ.

ದಲ್ಲಾಳಿ ಹೋಗಲಿಲ್ಲ, ವೇಷ ಬದಲಿಸಿದ

ಈಗ ಮುಖ್ಯ ವಿಷಯಕ್ಕೆ ಬರೋಣ. "ದಲ್ಲಾಳಿ ಇಲ್ಲ" ಎಂಬ ಮಾತು ನಿಜವೇ?

ನೀವು ಡೆಕ್ಸಿನಲ್ಲಿ ಗುಂಡಿ ಒತ್ತಿದ ಕೂಡಲೇ ವ್ಯವಹಾರ ಮುಗಿಯುವುದಿಲ್ಲ. ಇಥೀರಿಯಂನಂಥ ಜಾಲಗಳಲ್ಲಿ ನಿಮ್ಮ ಬೇಡಿಕೆ ಸ್ವಲ್ಪ ಹೊತ್ತು ಸಾಲಿನಲ್ಲಿ ನಿಲ್ಲುತ್ತದೆ. ಆ ಸಾಲು ಬಯಲಿನಲ್ಲಿದೆ, ಯಾರು ಬೇಕಾದರೂ ನೋಡಬಹುದು. ಸ್ವಲ್ಪ ಹೆಚ್ಚು ಶುಲ್ಕ ಕೊಟ್ಟವನು ನಿಮಗಿಂತ ಮುಂದೆ ಹೋಗಿ ನಿಲ್ಲಬಹುದು. ಇದನ್ನೇ ಕಾಯುತ್ತ ಕುಳಿತ ಕಂಪ್ಯೂಟರ್ ಪ್ರೋಗ್ರಾಮುಗಳಿವೆ.

ಅದೇ ಕೊಳ. ನೀವು 10 ಕಿಲೋ ಕೊಳ್ಳಲು ಸಾಲಿನಲ್ಲಿ ನಿಂತಿದ್ದೀರಿ. ಅವನು ಮುಂದೆ ನುಗ್ಗಿ 22,222 ಕೊಟ್ಟು 10 ಕಿಲೋ ಕೊಂಡ. ಕೊಳದಲ್ಲಿ ಈಗ 90 ಕಿಲೋ. ನಿಮ್ಮ ಸರದಿ ಬಂದಾಗ ಉಳಿಯುವುದು 80 ಕಿಲೋ, ಕೊಳದಲ್ಲಿ ಇರಬೇಕಾದ್ದು 2,50,000. ನೀವು 27,778 ಕೊಟ್ಟಿರಿ. ತಕ್ಷಣ ಅವನು ತನ್ನ 10 ಕಿಲೋವನ್ನು ಕೊಳಕ್ಕೇ ವಾಪಸು ಮಾರಿದ. ಅವನಿಗೆ ಸಿಕ್ಕಿದ್ದು 27,778. ಲಾಭ 5,556 ರೂಪಾಯಿ. ನೀವು ಹೆಚ್ಚಿಗೆ ತೆತ್ತದ್ದೂ ಸರಿಯಾಗಿ 5,556. ನಿಮ್ಮ ಜೇಬಿನಿಂದ ಅವನ ಜೇಬಿಗೆ! ಇದಕ್ಕೆ ಸ್ಯಾಂಡ್‌ವಿಚ್ ದಾಳಿ ಎಂದು ಹೆಸರು. ನಡುವಿನ ಪಲ್ಯ ನೀವೇ.

"ಇಂತಿಷ್ಟಕ್ಕಿಂತ ಹೆಚ್ಚು ಬೆಲೆಯಾದರೆ ಬೇಡ ಎಂದು ಮಿತಿ ಹಾಕಬಹುದು ಸರ್" ಎನ್ನುತ್ತಾರೆ. ಹೌದು, ಹಾಕಬಹುದು. ಆ ಮಿತಿಯ ಗುಂಡಿ ಎಲ್ಲಿದೆ, ಎಷ್ಟು ಹಾಕಬೇಕು ಎಂದು ಬಲ್ಲವನಿಗೆ ಸರಿ. ಬಲ್ಲದವನು ಬಲ್ಲವನ ತಟ್ಟೆಗೆ ಬೀಳುವುದೇ ಹಳೆಯ ಮಂಡಿಯ ಕತೆಯಲ್ಲವೇ? ಹಳೆಯ ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಿದ್ದ. ಅವನ ಮುಖವಾದರೂ ಕಾಣುತ್ತಿತ್ತು. ಈ ಹೊಸ ದಲ್ಲಾಳಿಗೆ ಮುಖವೂ ಇಲ್ಲ, ಅಂಗಡಿಯೂ ಇಲ್ಲ, ಕಮಿಷನ್ ಎಷ್ಟೆಂದು ಮೊದಲೇ ಹೇಳುವ ಮರ್ಯಾದೆಯೂ ಇಲ್ಲ.

ಕೊಳ ತುಂಬಿದವನ ಪಾಡೇನು?

"ಬ್ಯಾಂಕಿನಲ್ಲಿಟ್ಟರೆ ಏನು ಸಿಗುತ್ತದೆ, ಕೊಳದಲ್ಲಿ ಇಡಿ, ಶುಲ್ಕದಲ್ಲಿ ಪಾಲು ಬರುತ್ತದೆ" ಎಂದು ಆಸೆ ತೋರಿಸುತ್ತಾರೆ. ಇದರ ಲೆಕ್ಕವನ್ನೂ ಮಾಡಿಬಿಡೋಣ.

ಏಲಕ್ಕಿ ಬೆಲೆ ಹೇಗೆ ಕುಣಿಯುತ್ತದೆ ಎಂದು ಈ ಕಣಿವೆಗೆ ಹೇಳಿಕೊಡಬೇಕಿಲ್ಲ. 2018ರ ಕೇರಳದ ಪ್ರವಾಹ, ಆಮೇಲಿನ ಬರ ಎರಡೂ ಸೇರಿ 2019ರ ಆಗಸ್ಟಿನಲ್ಲಿ ಹರಾಜಿನಲ್ಲಿ ಕಿಲೋಗೆ 7,000 ರೂಪಾಯಿ ಮುಟ್ಟಿತ್ತು. 2022ರಲ್ಲಿ ಸಾವಿರದ ಕೆಳಗಿಳಿದಿತ್ತು. ಕ್ರಿಪ್ಟೋ ಇದಕ್ಕಿಂತ ಜೋರಾಗಿ ಕುಣಿಯುತ್ತದೆ.

ನಮ್ಮ ಕೊಳದ 100 ಕಿಲೋವೂ 2,00,000 ರೂಪಾಯಿಯೂ ನಿಮ್ಮದೇ ಎನ್ನಿ. ಹೊರಗೆ ಬೆಲೆ ನಾಲ್ಕು ಪಟ್ಟಾಗಿ 8,000 ಆಯಿತು. ಹೊರಗಿನವರು ನಿಮ್ಮ ಕೊಳದಿಂದ ಅಗ್ಗದ ಏಲಕ್ಕಿ ಎತ್ತುತ್ತಾ ಹೋಗುತ್ತಾರೆ. ಕೊಳದ ಬೆಲೆಯೂ 8,000 ಆಗುವ ಹೊತ್ತಿಗೆ ಉಳಿದಿರುವುದು 50 ಕಿಲೋ ಮತ್ತು 4,00,000 ರೂಪಾಯಿ. ಒಟ್ಟು ಬೆಲೆ 8 ಲಕ್ಷ. ಕೊಳಕ್ಕೆ ಹಾಕದೆ ಮನೆಯ ಅಟ್ಟದ ಮೇಲೆ ಇಟ್ಟಿದ್ದರೆ? 100 ಕಿಲೋಗೆ 8 ಲಕ್ಷ, ಜೊತೆಗೆ 2 ಲಕ್ಷ ನಗದು, ಒಟ್ಟು 10 ಲಕ್ಷ. 2 ಲಕ್ಷ ಹೋಯಿತು. ಶುಲ್ಕದ ಪಾಲು ಇದನ್ನು ತುಂಬಿಕೊಟ್ಟರೆ ನಿಮ್ಮ ಪುಣ್ಯ. ಇದಕ್ಕೆ ಅವರಿಟ್ಟ ಹೆಸರಿನ ಅರ್ಥ "ಶಾಶ್ವತವಲ್ಲದ ನಷ್ಟ". ಹಳೆಯ ಬೆಲೆಗೇ ಮರಳಿದರೆ ಶಾಶ್ವತವಲ್ಲ, ನಿಜ. ಮರಳದಿದ್ದರೆ? ಹೆಸರಿಡುವುದರಲ್ಲೂ ಎಷ್ಟು ಜಾಣತನ!

ಕೋಡೇ ಕಾನೂನು ಎಂದಾಗ ಏನಾಯಿತು?

ಇನ್ನು ಅವರ ದೊಡ್ಡ ಘೋಷಣೆ: ಕೋಡೇ ಕಾನೂನು, ಯಾರೂ ತಿದ್ದಲಾಗದು, ಯಾರೂ ನಿಲ್ಲಿಸಲಾಗದು. ಮೂರು ಘಟನೆಗಳನ್ನು ಮುಂದಿಡುತ್ತೇವೆ.

ಒಂದು, 2021ರ ಸ್ಕ್ವಿಡ್ ಟೋಕನ್. ಹೆಸರಾದ ಕೊರಿಯಾದ ಧಾರಾವಾಹಿಯ ಹೆಸರಿಟ್ಟುಕೊಂಡು ಯಾರೋ ಒಂದು ನಾಣ್ಯ ಬಿಟ್ಟರು. ಡೆಕ್ಸಿನಲ್ಲಿ ಅದನ್ನು ಕೊಳ್ಳಲು ಬರುತ್ತಿತ್ತು, ಮಾರಲು ಬರುತ್ತಿರಲಿಲ್ಲ! ಬೆಲೆ 2,800 ಡಾಲರ್ ದಾಟಿ, ನವೆಂಬರ್ 1ರಂದು ನಿಮಿಷಗಳಲ್ಲಿ ಸೊನ್ನೆಗೆ ಬಂತು. ಕಟ್ಟಿದವರು 30 ಲಕ್ಷ ಡಾಲರಿಗೂ ಹೆಚ್ಚು ಬಾಚಿಕೊಂಡು ಕಾಣೆಯಾದರು. ಕೋಡ್ ತನಗೆ ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು.

ಎರಡು, 2022ರ ಅಕ್ಟೋಬರಿನ ಮ್ಯಾಂಗೋ ಮಾರ್ಕೆಟ್ಸ್. ಒಬ್ಬ ತಾನೇ ಕೊಂಡು ತಾನೇ ಮಾರಿ ಅಲ್ಲಿನ ನಾಣ್ಯದ ಬೆಲೆ ಉಬ್ಬಿಸಿ, ಉಬ್ಬಿದ ಬೆಲೆಯನ್ನೇ ಅಡವಿಟ್ಟು 11 ಕೋಟಿ ಡಾಲರಿಗೂ ಹೆಚ್ಚು ಎತ್ತಿಕೊಂಡು ಹೋದ. ಸಂತೆಯ ನಿಯಮ ಬಿಟ್ಟದ್ದನ್ನೇ ಮಾಡಿದ್ದೇನೆ ಎಂದು ವಾದಿಸಿದ. 2024ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಜ್ಯೂರಿ ಅವನನ್ನು ತಪ್ಪಿತಸ್ಥ ಎಂದಿತು. 2025ರ ಮೇ ತಿಂಗಳಲ್ಲಿ ನ್ಯಾಯಾಧೀಶರು ಆ ತೀರ್ಪನ್ನು ರದ್ದು ಮಾಡಿದರು. ಯಾರ ಅನುಮತಿಯೂ ಬೇಡದ, ತಾನಾಗಿ ನಡೆಯುವ ಸಂತೆಗೆ ಸುಳ್ಳು ಹೇಳಿ ಮೋಸ ಮಾಡಿದ ಎಂದು ಸಾಬೀತಾಗಲಿಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ನಿಯಮವನ್ನೇ ಬರೆದಿಡದ ಸಂತೆಯಲ್ಲಿ ನಿಯಮ ಮುರಿದ ಎಂದು ಯಾರನ್ನು ಹಿಡಿಯುತ್ತೀರಿ?

ಮೂರು, 2025ರ ಮೇ 22ರ ಸೀಟಸ್. ಸೂಯಿ ಎಂಬ ಜಾಲದ ಮೇಲಿನ ಈ ಡೆಕ್ಸಿನಿಂದ ಸುಮಾರು 22 ಕೋಟಿ ಡಾಲರ್ ಕಳುವಾಯಿತು. ಆಗ ಏನಾಯಿತು ಗೊತ್ತೇ? ಜಾಲ ನಡೆಸುವವರು ಒಟ್ಟಾಗಿ ಕಳ್ಳನ ಖಾತೆಯಲ್ಲಿದ್ದ ಸುಮಾರು 16 ಕೋಟಿ ಡಾಲರನ್ನು ಅಲುಗಾಡದಂತೆ ಹಿಡಿದಿಟ್ಟರು! ಹಿಡಿದದ್ದು ತಪ್ಪು ಎನ್ನುತ್ತಿಲ್ಲ, ಒಳ್ಳೆಯದೇ ಮಾಡಿದರು. ಆದರೆ "ಯಾರೂ ನಿಲ್ಲಿಸಲಾಗದು" ಎಂದಿರಲ್ಲ, ನಿಲ್ಲಿಸಿದವರು ಯಾರು? ಯುನಿಸ್ವಾಪ್ ಕೂಡ 2021ರ ಜುಲೈನಲ್ಲಿ ತನ್ನ ಜಾಲತಾಣದ ಪಟ್ಟಿಯಿಂದ ನೂರರಷ್ಟು ಟೋಕನ್‌ಗಳನ್ನು ತೆಗೆದುಹಾಕಿತ್ತು. ಅಂದರೆ ಗೌಡರು ಇದ್ದಾರೆ. ತೀರ್ಮಾನವೂ ಮಾಡುತ್ತಾರೆ. ಅವರ ಮನೆ ಯಾವ ಬೀದಿಯಲ್ಲಿದೆ ಎಂದು ನಮಗೆ ಹೇಳಿಲ್ಲ, ಅಷ್ಟೇ.

ಇದರ ಪಕ್ಕಕ್ಕೆ ನಮ್ಮದೇ ರಾಜ್ಯದ ಒಂದು ಸಂಗತಿ ಇಡುತ್ತೇವೆ. 2025ರ ಅಕ್ಟೋಬರಿನಲ್ಲಿ ಮದರಾಸು ಹೈಕೋರ್ಟು, ವಜೀರ್‌ಎಕ್ಸ್‌ನಲ್ಲಿ ನಾಣ್ಯ ಸಿಕ್ಕಿಕೊಂಡಿದ್ದ ಒಬ್ಬ ಗಿರಾಕಿಯ ಅರ್ಜಿಯ ಮೇಲೆ, ಕ್ರಿಪ್ಟೋ ನಾಣ್ಯವೂ ಆಸ್ತಿಯೇ ಎಂದು ಹೇಳಿ ಮಧ್ಯಂತರ ರಕ್ಷಣೆ ಕೊಟ್ಟಿತು. ಆ ಗಿರಾಕಿ ಕೋರ್ಟಿಗೆ ಹೋಗಲು ಆದದ್ದು ಹೇಗೆ? ಎದುರಿಗೆ ಭಾರತದಲ್ಲಿ ನೋಂದಾಯಿಸಿದ ಒಂದು ಕಂಪನಿ ಇತ್ತು. ಅದಕ್ಕೊಂದು ವಿಳಾಸ ಇತ್ತು. ನೋಟಿಸು ಅಂಟಿಸಲು ಒಂದು ಗೋಡೆ ಇತ್ತು. ಡೆಕ್ಸಿಗೆ ಗೋಡೆ ಎಲ್ಲಿದೆ?

ಹೆಬ್ಬೆಟ್ಟಿನ ಹೊಸ ರೂಪ

ನಮಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ವಿಷಯ ಇದು, ಗಡಿಯಾಚೆಯ ಕನ್ನಡಿಗರಿಗೆ ಬೇಗ ಅರ್ಥವಾಗುವ ವಿಷಯ ಕೂಡ.

ಮನೆಮಾತಿನಲ್ಲಿ ಇಲ್ಲದ ಕಾಗದಕ್ಕೆ ರುಜು ಹಾಕುವುದು ಏನೆಂದು ನಮ್ಮ ಹಿರಿಯರಿಗೆ ಗೊತ್ತು. ಪತ್ರ ಬರೆಯುವವನು ಓದಿ ಹೇಳಿದ್ದೇ ವೇದ, ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು. ಆ ಹೆಬ್ಬೆಟ್ಟಿನಿಂದ ಮಕ್ಕಳನ್ನು ಬಿಡಿಸಲೆಂದೇ ಅಲ್ಲವೇ ನಾವು ಇಷ್ಟು ವರ್ಷ ಸೀಮೆಸುಣ್ಣ ಹಿಡಿದದ್ದು?

ಈಗ ಡೆಕ್ಸಿನ ಕರಾರು ನೋಡಿ. ಅದು ಸಾಲಿಡಿಟಿಯಂಥ ಕಂಪ್ಯೂಟರ್ ಭಾಷೆಯಲ್ಲಿರುತ್ತದೆ. "ಬಯಲಿನಲ್ಲಿದೆ, ಯಾರು ಬೇಕಾದರೂ ಓದಿಕೊಳ್ಳಬಹುದು" ಎನ್ನುತ್ತಾರೆ. ಓದಲು ಬಿಡುವುದೂ ಓದಲು ಬರುವುದೂ ಒಂದೇ ಅಲ್ಲ. ಇಂಗ್ಲಿಷ್ ಮಾಧ್ಯಮದ ಪದವೀಧರನಿಗೂ ಅದು ಅರ್ಥವಾಗದು, ನಮ್ಮವರ ಗತಿಯೇನು? "ಒಪ್ಪಿಗೆ" ಎಂಬ ಗುಂಡಿ ಒತ್ತಿದರೆ ನಿಮ್ಮ ವಾಲೆಟ್ಟಿನಲ್ಲಿರುವ ಒಂದು ಬಗೆಯ ನಾಣ್ಯವನ್ನು ಎಷ್ಟು ಬೇಕಾದರೂ ತೆಗೆಯಲು ಆ ಕೋಡಿಗೆ ಅಧಿಕಾರ ಕೊಟ್ಟಂತಾಗಬಹುದು. ಇದು ಹೆಬ್ಬೆಟ್ಟಲ್ಲದೆ ಮತ್ತೇನು? ಅದೂ ಖಾಲಿ ಕಾಗದದ ಮೇಲೆ.

ಇನ್ನೊಂದು ಉದಾಹರಣೆ. ವಾಲೆಟ್ಟಿನ ಕೀಲಿಯನ್ನು ನೆನಪಿಡಲು 12 ಅಥವಾ 24 ಪದಗಳ ಸಾಲು ಕೊಡುತ್ತಾರೆ. ಆ ಪದಗಳು ಬರುವುದು 2,048 ಪದಗಳ ಒಂದು ಪಟ್ಟಿಯಿಂದ. ಇಂಗ್ಲಿಷ್, ಜಪಾನಿ, ಕೊರಿಯನ್, ಸ್ಪ್ಯಾನಿಷ್, ಚೀನೀ, ಫ್ರೆಂಚ್, ಇಟಾಲಿಯನ್, ಜೆಕ್, ಪೋರ್ಚುಗೀಸ್ ಭಾಷೆಗಳಿಗೆ ಪಟ್ಟಿಗಳಿವೆ. ಕನ್ನಡಕ್ಕಿಲ್ಲ, ತಮಿಳಿಗಿಲ್ಲ, ಭಾರತದ ಯಾವ ಭಾಷೆಗೂ ಆ ಮೂಲ ಪಟ್ಟಿಗಳಲ್ಲಿ ಜಾಗವಿಲ್ಲ. ಒಂದು ಅಕ್ಷರ ತಪ್ಪಾಗಿ ಬರೆದಿಟ್ಟರೂ ಗಂಟು ಹೋಗಬಹುದು. ಬ್ಯಾಂಕಿನಲ್ಲಾದರೆ ಪಾಸ್‌ಬುಕ್ ಕಳೆದರೆ ಮ್ಯಾನೇಜರ ಮುಂದೆ ಕನ್ನಡದಲ್ಲೋ ತಮಿಳಿನಲ್ಲೋ ಗೋಳು ಹೇಳಿಕೊಳ್ಳಬಹುದು. ಇಲ್ಲಿ ಗೋಳು ಕೇಳುವ ಕಿವಿಯೇ ಇಲ್ಲ. ಜನಸಾಮಾನ್ಯರಿಗೆ ಸ್ವಾತಂತ್ರ್ಯ ಕೊಡುತ್ತೇವೆ ಎನ್ನುವವರು ಜನಸಾಮಾನ್ಯರ ಭಾಷೆಯಲ್ಲಿ 2,048 ಪದ ಜೋಡಿಸಲು ಪುರುಸೊತ್ತು ಮಾಡಿಕೊಳ್ಳಬೇಡವೇ?

ತೆರಿಗೆಯ ಮಾತನ್ನೂ ಹೇಳಿಬಿಡುತ್ತೇವೆ. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ ಶೇ. 30 ತೆರಿಗೆ, ಅದೇ ಜುಲೈನಿಂದ ಮಾರಾಟದ ಮೇಲೆ ಶೇ. 1 ಮೂಲದಲ್ಲೇ ಕಡಿತ ಬಂದಿವೆ. ಒಂದು ನಾಣ್ಯದಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ದೇಶದೊಳಗಿನ ಕಂಪನಿಯಾದರೆ ಕಡಿತವನ್ನು ಅದೇ ನೋಡಿಕೊಳ್ಳುತ್ತದೆ. ಡೆಕ್ಸಿನಲ್ಲಿ ಆ ಲೆಕ್ಕದ ಹೊರೆ ನಿಮ್ಮ ತಲೆಯ ಮೇಲೆ. ಇದನ್ನು ಆ ಸಂತೆಯ ಯಾವ ಫಲಕದಲ್ಲೂ ದೊಡ್ಡಕ್ಷರದಲ್ಲಿ ಬರೆದಿರುವುದಿಲ್ಲ.

ಹಾಗಾದರೆ ನೀವು ದಲ್ಲಾಳಿಗಳ ಪರವೇ?

ಅಲ್ಲ ಸ್ವಾಮಿ. ಬೋಡಿಯ ಹರಾಜು ದೇವಸ್ಥಾನ ಎಂದು ನಾವು ಹೇಳುತ್ತಿಲ್ಲ. ಮಾರಾಟವಾದ ಏಲಕ್ಕಿಯೇ ಮತ್ತೆ ಹರಾಜಿಗೆ ಬಂದು ಬೆಲೆ ಕೆಡಿಸುತ್ತದೆ ಎಂಬುದು ಬೆಳೆಗಾರರ ಹಳೆಯ ದೂರು. ಇದಕ್ಕೆ ಅಲ್ಲಿ ರೀ-ಪೂಲಿಂಗ್ ಎನ್ನುತ್ತಾರೆ. ದುಡ್ಡು ತಡವಾಗುವುದೂ ಹೊಸದಲ್ಲ. ಆದರೆ ವ್ಯತ್ಯಾಸ ನೋಡಿ. ಆ ದೂರಿಗೊಂದು ಹೆಸರಿದೆ, ಕೇಳಬೇಕಾದ ಮಂಡಳಿ ಇದೆ, ಬೆಳೆಗಾರರ ಸಂಘಗಳು ಗಲಾಟೆ ಮಾಡಲು ಒಂದು ಗೇಟು ಇದೆ. ಡೆಕ್ಸಿನಲ್ಲಿ ಒಬ್ಬನೇ ಹತ್ತು ವಾಲೆಟ್ ಇಟ್ಟುಕೊಂಡು ತಾನೇ ಕೊಂಡು ತಾನೇ ಮಾರಿದರೆ ಅದೂ ರೀ-ಪೂಲಿಂಗೇ. ಗಲಾಟೆ ಮಾಡಲು ಗೇಟು ಮಾತ್ರ ಇಲ್ಲ.

ಆದ್ದರಿಂದ ಕಟ್ಟಬೇಡಿ ಎನ್ನುತ್ತಿಲ್ಲ. ಕಟ್ಟುವುದಾದರೆ ಈ ಐದನ್ನು ಮೊದಲ ದಿನವೇ ನಕ್ಷೆಯಲ್ಲಿ ಬರೆಯಿರಿ ಎನ್ನುತ್ತಿದ್ದೇವೆ.

1. ಕೋಡನ್ನು ಬದಲಿಸುವ, ನಿಲ್ಲಿಸುವ ಕೀಲಿ ಯಾರ ಕೈಯಲ್ಲಿದೆ? ಹೆಸರು, ವಿಳಾಸ ಫಲಕದ ಮೇಲೆ ಇರಲಿ. ಕೀಲಿಯೇ ಇಲ್ಲವೆಂದರೆ, ಕಳುವಾದರೆ ಯಾರೂ ಬರುವುದಿಲ್ಲ ಎಂದು ಅಷ್ಟೇ ದೊಡ್ಡಕ್ಷರದಲ್ಲಿ ಬರೆಯಿರಿ.

2. ಬೇಡಿಕೆಗಳನ್ನು ಬಯಲಲ್ಲಿ ಸಾಲು ನಿಲ್ಲಿಸಬೇಡಿ. ಒಂದಷ್ಟು ಹೊತ್ತಿನ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಸೇರಿಸಿ ಎಲ್ಲರಿಗೂ ಒಂದೇ ಬೆಲೆಗೆ ಮುಗಿಸುವ ವಿಧಾನ ಇದೆ. ಕೌ ಸ್ವಾಪ್ ಇಂಥ ದಾರಿಯಲ್ಲೇ ನಡೆಯುತ್ತಿದೆ. ಮುಂದೆ ನುಗ್ಗುವವನಿಗೆ ಅಲ್ಲಿ ಲಾಭ ಕಡಿಮೆ.

3. ಗುಂಡಿ ಒತ್ತುವ ಮುಂಚೆ ಒಟ್ಟು ಎಷ್ಟು ಕೊಡಬೇಕು, ಕೆಟ್ಟ ಲೆಕ್ಕದಲ್ಲಿ ಎಷ್ಟು ಹೋಗಬಹುದು, ತೆರಿಗೆ ಎಷ್ಟು ಎಂಬುದನ್ನು ರೂಪಾಯಿಯಲ್ಲಿ ತೋರಿಸಿ. ಕೊಳ ತುಂಬುವವನಿಗೆ ನಾವು ಮೇಲೆ ಮಾಡಿದ 2 ಲಕ್ಷದ ಲೆಕ್ಕವನ್ನೂ ತೋರಿಸಿ.

4. ದೂರು ಕೇಳಲು ಮನುಷ್ಯರನ್ನು ಇಡಿ. ಬರುವ ಶುಲ್ಕದಲ್ಲಿ ಒಂದು ಪಾಲು ನಷ್ಟದ ನಿಧಿಗೆ ಹೋಗಲಿ. ಊರಿನ ಚೀಟಿ ನಡೆಸುವವಳೂ ಕೈಬಿಟ್ಟವರ ಕಂತು ತಾನೇ ಕಟ್ಟುತ್ತಾಳೆ, ಅವಳಿಗಿರುವ ಜವಾಬ್ದಾರಿ ಇಂಜಿನಿಯರನಿಗೆ ಬೇಡವೇ?

5. ಎಲ್ಲವೂ ಕನ್ನಡದಲ್ಲಿ, ತಮಿಳಿನಲ್ಲಿ, ಗಿರಾಕಿ ಆಡುವ ಭಾಷೆಯಲ್ಲಿ ಇರಲಿ. ಓದಲು ಬಾರದವರಿಗೆ ಧ್ವನಿಯಲ್ಲಿ ಇರಲಿ. ಕೊಂಬೈಯ ಕನ್ನಡ ಮಾತಾಡುವ ಅಜ್ಜಿಗೆ ಅಕ್ಷರ ಬಾರದಿರಬಹುದು, ಲೆಕ್ಕ ಬರುತ್ತದೆ.

ಇದನ್ನೆಲ್ಲ ಮಾಡಿದರೆ ಅದು ಡೆಕ್ಸ್ ಆಗಿ ಉಳಿಯುವುದಿಲ್ಲ ಎಂದು ಹುಡುಗರು ಗೊಣಗಬಹುದು. ಉಳಿಯದಿದ್ದರೆ ಬೇಡ. ಕೇಂದ್ರ ಇರಬಾರದು ಎಂಬುದು ವ್ರತವೇನಲ್ಲ. ಮೋಸ ಇರಬಾರದು ಎಂಬುದಕ್ಕೆ ಹೊರಟ ದಾರಿ ತಾನೇ ಅದು? ದಾರಿಗೋಸ್ಕರ ಊರನ್ನೇ ಮರೆತರೆ ಹೇಗೆ?

ಕನ್ನಡ ಶಾಲೆಗಳ ನಮ್ಮ ಸಹೋದ್ಯೋಗಿಗಳಿಗೂ ಒಂದು ಮಾತು. ಇದು ಪಟ್ಟಣದವರ ವಿಷಯ, ನಮಗೇಕೆ ಎನ್ನಬೇಡಿ. ಫೋನು ಎಲ್ಲಿದೆಯೋ ಅಲ್ಲಿಗೆ ಈ ಸಂತೆ ಬಂದಿದೆ. ವಿಲೋಮ ಅನುಪಾತದ ಪಾಠ ಮಾಡುವಾಗ ಎಷ್ಟು ಆಳು ಎಷ್ಟು ದಿನದಲ್ಲಿ ಗೋಡೆ ಕಟ್ಟಿದರು ಎಂಬ ಲೆಕ್ಕದ ಜೊತೆಗೆ ಈ ಕೊಳದ ಲೆಕ್ಕವನ್ನೂ ಒಂದು ದಿನ ಕಪ್ಪುಹಲಗೆಯ ಮೇಲೆ ಬರೆಯಿರಿ. ಮಕ್ಕಳೇ 90, 80 ಎಂದು ಕಳೆದು 5,556 ಯಾರ ಜೇಬಿಗೆ ಹೋಯಿತು ಎಂದು ಕಂಡುಹಿಡಿಯಲಿ. ಹಾಗೆ ಕಂಡುಹಿಡಿದ ಮಗು ನಾಳೆ ಸಂತೆಗೆ ಹೋದರೂ ಬೆಪ್ಪಾಗುವುದಿಲ್ಲ. ಸಂತೆಯನ್ನೇ ಕಟ್ಟಿದರೆ, ಅದಕ್ಕೊಂದು ಬಾಗಿಲನ್ನೂ ಇಡುತ್ತದೆ.

ನಂಬಿಕೆಯೇ ಬೇಡದ ಸಂತೆ ಎಂಬುದು ಇಲ್ಲ. ಹರಾಜುದಾರನನ್ನು ನಂಬುವುದು ಬಿಟ್ಟರೆ ಕೋಡ್ ಬರೆದವನನ್ನು ನಂಬಬೇಕಾಗುತ್ತದೆ. ಇಬ್ಬರಲ್ಲಿ ಯಾರನ್ನು ನಂಬಲಿ ಎಂದು ಕೇಳಿದರೆ ನಮ್ಮ ಉತ್ತರ ಒಂದೇ: ತಪ್ಪು ಮಾಡಿದ ದಿನ ಹುಡುಕಿದರೆ ಸಿಗುವವನನ್ನು ನಂಬಿ. ನೀವೇನಂತೀರಿ?